ವರಾಂಡದ ನೆಲ: ಮೂರನೇ ಸಲಕ್ಕೆ ನಿಂತದ್ದು

ನಮ್ಮ ಮನೆಯ ಮುಚ್ಚಿದ ವರಾಂಡಕ್ಕೆ ನಾನು ಮೂರು ಸಲ ನೆಲ ಹಾಕಿದ್ದೇನೆ. ಮೊದಲ ಎರಡು ಸಲ ಅಂಗಡಿಯಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ತಂದೆ. ಎರಡೂ ಎರಡು ವರ್ಷ ಬಾಳಲಿಲ್ಲ. ಮೂರನೆಯದನ್ನು ಹಾಕಿ ಈಗ ಐದು ವರ್ಷ. ಒಂದು ಟೈಲ್ ಕೂಡ ಅಲುಗಿಲ್ಲ. ಈ ಮೂರನೇ ಸಲ ನಾನು ಅಂಗಡಿಗೆ ಹೋಗುವ ಮೊದಲು ಎರಡು ತಿಂಗಳು ನೆಲವನ್ನೇ ನೋಡುತ್ತಾ ಕಳೆದೆ. ಆ ಎರಡು ತಿಂಗಳಲ್ಲಿ ಗೊತ್ತಾದದ್ದನ್ನೇ ಇಲ್ಲಿ ಜಾಸ್ತಿ ಬರೆಯುತ್ತೇನೆ.

ವರಾಂಡ 3 ಮೀಟರ್ ಅಗಲ, 5 ಮೀಟರ್ ಉದ್ದ. ಮೂರು ಕಡೆ ಸರಿಸುವ ಗಾಜಿನ ಕಿಟಕಿ. ಅದರಾಚೆ ತೆರೆದ ಕಟ್ಟೆ. ಇಂಥ ಜಾಗ ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಮಧ್ಯಾಹ್ನ ಕಿಟಕಿ ಮುಚ್ಚಿದ್ದರೆ ಒಳಗೆ ಕಾದ ಹೆಂಚು. ಮಳೆಗೆ ಕಿಟಕಿ ತೆರೆದಿದ್ದರೆ ಅರ್ಧ ನೆಲಕ್ಕೆ ಎರಚಲು. ತಲೆ ಮೇಲೆ ಸೂರು ಇದೆ ಅಂತ ನಾನು ಇದನ್ನು ಕೋಣೆಯ ಲೆಕ್ಕಕ್ಕೆ ಸೇರಿಸಿದ್ದೇ ಮೊದಲ ತಪ್ಪು.

ಮೊದಲು ಹಾಕಿದ್ದು ಎಪಾಕ್ಸಿ ಬಣ್ಣ, ಅಂದರೆ ಒಣಗಿದ ಮೇಲೆ ಪ್ಲಾಸ್ಟಿಕ್ಕಿನಂಥ ಗಟ್ಟಿ ಪದರ ಕಟ್ಟುವ ರಾಳದ ಬಣ್ಣ. ಕಾಂಕ್ರೀಟ್ ನೆಲ ಇತ್ತು, ಗುಡಿಸಿ, ತೊಳೆದು, ಎರಡು ಕೋಟು ಬಳಿದೆ. ಗಾಜಿನ ಹಾಗೆ ಹೊಳೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದವು. ಒತ್ತಿದರೆ ಒಳಗೆ ನೀರು. ಆಮೇಲೆ ಉಗುರಿನಿಂದ ಎಳೆದರೆ ಸಿಪ್ಪೆಯ ಹಾಗೆ ಎದ್ದು ಬರತೊಡಗಿತು. ಕಿಟಕಿಯ ಪಕ್ಕದಲ್ಲಿ ಬಣ್ಣ ಹಳದಿ ತಿರುಗಿತು. ಬಿಸಿಲಿನ ಅತಿನೇರಳೆ ಕಿರಣಕ್ಕೆ ಎಪಾಕ್ಸಿ ಹಳದಿಯಾಗುವುದು ಅದರ ಗುಣ. ಅದರ ಮೇಲೆ ಬಿಸಿಲು ತಡೆಯುವ ಪಾಲಿಯುರೆಥೇನ್ ಕೋಟು ಬೇಕಿತ್ತು. ಆದರೆ ಗುಳ್ಳೆಗೆ ಕಾರಣ ಬಿಸಿಲಲ್ಲ. ಕೆಳಗಿನ ಮಣ್ಣಿನ ತೇವ ಕಾಂಕ್ರೀಟಿನ ಮೂಲಕ ಮೇಲೆ ಬರುತ್ತಿತ್ತು. ದಾರಿಗೆ ಅಡ್ಡ ಬಂದ ಬಣ್ಣವನ್ನು ಅದು ಎಬ್ಬಿಸಿತು, ಅಷ್ಟೇ.

ಇದು ನನಗೆ ಆಗ ಹೊಳೆಯಲಿಲ್ಲ. ಬಣ್ಣ ಕೈಕೊಟ್ಟಿತು, ಹಲಗೆ ಹಾಕೋಣ ಅಂದುಕೊಂಡೆ. ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಹಲಗೆ ತಂದೆ. ‘ವಾಟರ್‌ಪ್ರೂಫ್’ ಅಂತ ಡಬ್ಬದ ಮೇಲೆ ಬರೆದಿತ್ತು. ಅದು ನಿಜವೂ ಹೌದು, ಹಲಗೆ ನೀರು ಕುಡಿಯಲಿಲ್ಲ. ಆದರೆ ಪ್ಲಾಸ್ಟಿಕ್ ಬಿಸಿಗೆ ತುಂಬಾ ಹಿಗ್ಗುತ್ತದೆ. ಕಾಂಕ್ರೀಟಿಗೆ ಹೋಲಿಸಿದರೆ ಸುಮಾರು ಐದಾರು ಪಟ್ಟು. 5 ಮೀಟರ್ ಉದ್ದದ ವಿನೈಲ್ ನೆಲ 30 ಡಿಗ್ರಿ ಏರಿದರೆ 8-9 ಮಿಲಿಮೀಟರ್ ಬೆಳೆಯುತ್ತದೆ. ಗಾಜಿನ ಹಿಂದೆ ಬಿಸಿಲು ಬಿದ್ದ ನೆಲ ಅಷ್ಟು ಏರುವುದು ದೊಡ್ಡ ಮಾತಲ್ಲ. ಗೋಡೆಯ ಪಕ್ಕ ನಾನು ಬಿಟ್ಟ ಸಂದು ಸಾಲಲಿಲ್ಲ. ಒಂದು ಮಧ್ಯಾಹ್ನ ಕಿಟಕಿ ಪಕ್ಕದ ಮೂರು ಸಾಲು ಗುಡಿಸಲಿನ ಹಾಗೆ ಮೇಲೆದ್ದು ನಿಂತಿದ್ದವು. ಕಿತ್ತು ನೋಡಿದರೆ ಅಡಿಯಲ್ಲಿ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಅದೇ ಮಣ್ಣಿನ ತೇವ, ಈ ಸಲ ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು.

ಅದೇ ವರ್ಷ ಹೊರಗಿನ ಕಟ್ಟೆಯ ನಯವಾದ ಟೈಲ್ಸ್ ಮೇಲೆ ಅಮ್ಮ ಜಾರಿ ಬಿದ್ದರು. ಹನಿ ಮಳೆ, ಅಷ್ಟೇ. ಮಣಿಕಟ್ಟು ಮುರಿಯಲಿಲ್ಲ, ಉಳುಕಿತು. ಒಂದು ತಿಂಗಳು ಕೈಗೆ ಪಟ್ಟಿ. ‘ಇನ್ಮೇಲೆ ನೀನು ನೆಲ ಹಾಕೋದಾದ್ರೆ, ಮೊದಲು ಅದರ ಮೇಲೆ ನೀರು ಹಾಕಿ ನಡೆದು ನೋಡಪ್ಪಾ’ ಅಂದರು. ಆ ಮಾತನ್ನು ನಾನು ಅಕ್ಷರಶಃ ಪಾಲಿಸಿದೆ.

ಬಾಕಿ ಉಳಿದಿದ್ದ ಹಲಗೆಯನ್ನೆಲ್ಲ ಕಿತ್ತೆ. ತೇವ ಎಲ್ಲಿಂದ ಮೇಲೆ ಬರುತ್ತಿದೆ ಅಂತ ನೋಡಬೇಕಿತ್ತು. ಬಣ್ಣ ಎದ್ದುಹೋಗಿ ಬರಿ ಕಾಂಕ್ರೀಟ್ ಕಾಣುವ ನಾಲ್ಕು ಜಾಗ ಆರಿಸಿ, ಒಂದೊಂದು ಕಡೆ 45 ಸೆಂಟಿಮೀಟರ್ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿದೆ. ಇದಕ್ಕೆ ಕಡಿಮೆಯೆಂದರೆ 16 ಗಂಟೆ ಕಾಯಬೇಕು. ನಾನು ಒಂದು ಇಡೀ ದಿನ ಬಿಟ್ಟೆ. ಮನೆ ಗೋಡೆಯ ಕಡೆಯ ಎರಡು ಹಾಳೆಗಳ ಒಳಗೆ ಏನೂ ಇಲ್ಲ. ಹೊರಮೂಲೆಯ ಎರಡರಲ್ಲಿ ಹನಿಗಳು, ಕೆಳಗಿನ ಕಾಂಕ್ರೀಟ್ ಕಪ್ಪಗೆ. ಮೂಲೆಗೇ ಯಾಕೆ? ಹೊರಗೆ ಹೋಗಿ ನೋಡಿದೆ. ಚಾವಣಿಯ ನೀರಿನ ಪೈಪು ಸರಿಯಾಗಿ ಆ ಮೂಲೆಯ ಬುಡಕ್ಕೇ ಸುರಿಯುತ್ತಿತ್ತು. ಇಷ್ಟು ವರ್ಷ ಅದು ಕಣ್ಣೆದುರೇ ಇತ್ತು.

ಪೈಪಿಗೆ ಉದ್ದ ಸೇರಿಸಿ ನೀರು ದೂರ ಹೋಗುವ ಹಾಗೆ ಮಾಡಿದೆ. ವರಾಂಡದ ಹೊರಗೋಡೆಯುದ್ದಕ್ಕೂ ಒಂದು ಸಣ್ಣ ಕಾಲುವೆ ತೋಡಿ, ಅದಕ್ಕೂ ಇಳಿಜಾರು ಕೊಟ್ಟು, ಜಲ್ಲಿ ತುಂಬಿದೆ. ಎರಡು ತಿಂಗಳ ನಂತರ ಮತ್ತೆ ಪ್ಲಾಸ್ಟಿಕ್ ಹಾಕಿದೆ. ಒಂದು ಮೂಲೆ ಒಣಗಿತ್ತು, ಇನ್ನೊಂದರಲ್ಲಿ ಮಂಜು ಹಿಡಿದ ಹಾಗೆ ತೆಳುವಾಗಿ ಮಾತ್ರ. ನೆಲಕ್ಕೆ ಸಂಬಂಧಿಸಿ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಉಪಯೋಗವಾದದ್ದು ಇದೇ. ನೆಲಕ್ಕೆ ಕೈ ಹಚ್ಚದೆ ಮಾಡಿದ್ದು.

ಈ ಮಧ್ಯೆ ಸೀಮೆಸುಣ್ಣ ಹಿಡಿದು ಬಿಸಿಲಿನ ಗಡಿ ಗುರುತು ಮಾಡಿದೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಒಂದು ಬಕೆಟ್ ನೀರು ಸುರಿದು ಅದು ಎತ್ತ ಹೋಗುತ್ತದೆ ನೋಡಿದೆ. ಹೊರಕ್ಕೇ ಹೋಗುತ್ತಿತ್ತು, ಆದರೆ ತೀರಾ ನಿಧಾನ. ನೀರಿನ ಮಟ್ಟದ ಪೈಪು ಹಿಡಿದು ಅಳೆದರೆ ಇಳಿಜಾರು, ಅಂದರೆ ಗಾರೆಯವರು ಹೇಳುವ ವಾಟ, ಮೀಟರಿಗೆ ಅರ್ಧ ಸೆಂಟಿಮೀಟರ್. ಎರಚಲು ಬೀಳುವ ಜಾಗಕ್ಕೆ ಮೀಟರಿಗೆ 1 ಸೆಂಟಿಮೀಟರಾದರೂ ಬೇಕು. ಪೂರ್ತಿ ತೆರೆದ ಕಟ್ಟೆಗೆ ಒಂದೂವರೆಯಿಂದ ಎರಡು.

ಈಗ ಆಯ್ಕೆಗೆ ಬರುತ್ತೇನೆ. ಅಂಗಡಿಗಳಿಂದ ಮಾದರಿ ತುಂಡುಗಳನ್ನು ತಂದು ಗುಡ್ಡೆ ಹಾಕಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಒಣ ತುಂಡನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ, ಮತ್ತೆ ತೂಗಿದೆ. ಒಳ್ಳೆಯ ವಿಟ್ರಿಫೈಡ್ ಟೈಲ್ (ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನ ಹಾಗೆ ಬಿಗಿಯಾದದ್ದು) ಹೀರುವುದು ತನ್ನ ತೂಕದ ಶೇಕಡಾ 0.5ಕ್ಕಿಂತ ಕಡಿಮೆ. ಒಂದು ಕಿಲೋ ತುಂಡಿಗೆ 5 ಗ್ರಾಂ ಒಳಗೆ. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ 10ಕ್ಕಿಂತ ಜಾಸ್ತಿ ಹೀರುವುದೂ ಉಂಟು. ನೀರು ಹೆಪ್ಪುಗಟ್ಟುವ ಚಳಿ ಇರುವ ಕಡೆ ಈ ಲೆಕ್ಕ ಇನ್ನೂ ಮುಖ್ಯ. ಮಂಜುಗಡ್ಡೆಯಾದ ನೀರು ಸುಮಾರು ಶೇಕಡಾ 9 ಹಿಗ್ಗುತ್ತದೆ, ಟೈಲನ್ನು ಒಳಗಿನಿಂದಲೇ ಸೀಳುತ್ತದೆ.

ಆಮೇಲೆ ಪ್ರತಿ ತುಂಡಿನ ಮೇಲೂ ನೀರು ಹಾಕಿ ಬರಿಗಾಲಲ್ಲಿ ಉಜ್ಜಿದೆ. ಸೋಪಿನ ನೀರಿನಲ್ಲೂ ನೋಡಿದೆ. ಟೈಲ್ಸ್ ಡಬ್ಬದ ಮೇಲೆ ಆರ್9ರಿಂದ ಆರ್13ರವರೆಗೆ ಒಂದು ಗುರುತು ಇರುತ್ತದೆ, ಕೇಳಿ ನೋಡಿ. ಎಣ್ಣೆ ಹಚ್ಚಿದ ಟೈಲ್ಸ್ ಹಲಗೆಯನ್ನು ನಿಧಾನವಾಗಿ ವಾಲಿಸುತ್ತಾ ಹೋಗುತ್ತಾರೆ, ಅದರ ಮೇಲೆ ನಡೆದಾಡುವವರು ಯಾವ ಕೋನದಲ್ಲಿ ಜಾರುತ್ತಾರೆ ಅನ್ನುವುದರ ಮೇಲೆ ಕೊಡುವ ಅಂಕ ಅದು. ಆರ್9 ಅಂದರೆ 10 ಡಿಗ್ರಿ ಒಳಗೇ ಜಾರುತ್ತದೆ. ಆರ್11 19 ಡಿಗ್ರಿ ದಾಟಿದರೂ ಹಿಡಿದಿರುತ್ತದೆ. ಹೆಚ್ಚು ಅಂಕ ಇದ್ದಷ್ಟೂ ಒಳ್ಳೆಯದು ಅಂತಲ್ಲ. ತುಂಬಾ ಒರಟಾದದ್ದು ಕೊಳೆ ಹಿಡಿಯುತ್ತದೆ, ಒರೆಸುವ ಬಟ್ಟೆಯ ನೂಲು ಕೀಳುತ್ತದೆ. ವರಾಂಡದ ಒಳಗೆ ಆರ್10, ಹೊರಗೆ ಹೋಗುವ ಬಾಗಿಲ ಬಳಿಯ ಎರಡು ಸಾಲಿಗೆ ಅದೇ ಬಣ್ಣದ ಆರ್11 ಅಂತ ನಿರ್ಧಾರ ಮಾಡಿದೆ.

ಟೈಲ್ಸೇ ಯಾಕೆ? ಉರಿ ಹಾಕಿ ಒರಟು ಮಾಡಿದ ಗ್ರಾನೈಟ್ ನನ್ನ ಮನಸ್ಸಿನಲ್ಲಿತ್ತು. ಬಾಳಿಕೆಗೆ ಅದನ್ನು ಮೀರಿಸುವುದು ಕಷ್ಟ. ಆದರೆ ಮನೆ ಹೊಸ್ತಿಲಿಗೆ ನನ್ನ ಹತ್ತಿರ ಇದ್ದದ್ದು 4 ಸೆಂಟಿಮೀಟರ್ ಎತ್ತರ. ವಾಟಕ್ಕೇ ಒಂದೂವರೆ ಹೋಗುತ್ತದೆ. 2 ಸೆಂಟಿಮೀಟರ್ ಕಲ್ಲು, ಅದರಡಿ ಗಾರೆ ಸೇರಿದರೆ ನೆಲ ಹೊಸ್ತಿಲಿಗಿಂತ ಮೇಲಾಗುತ್ತಿತ್ತು. ಸುಣ್ಣದ ಅಂಶದ ಕಲ್ಲು ಮತ್ತು ಅಮೃತಶಿಲೆ ಹುಳಿ ತಾಗಿದರೆ ಕಲೆಯಾಗುತ್ತವೆ, ಬಿಟ್ಟೆ. ಮರದಪುಡಿ-ಪ್ಲಾಸ್ಟಿಕ್ ಸೇರಿಸಿದ ಹಲಗೆ ಅಡಿಯಲ್ಲಿ ಗಾಳಿಯಾಡುವ ತೆರೆದ ಜಾಗಕ್ಕೆ ಸರಿ, ಮುಚ್ಚಿದ ಬಿಸಿ ಕೋಣೆಗೆ ಅಲ್ಲ. ನನ್ನ ಕಾಂಕ್ರೀಟ್ ಬಿರುಕಿಲ್ಲದೆ ಸಮವಾಗಿದ್ದಿದ್ದರೆ ಅದನ್ನೇ ಉಜ್ಜಿ, ಒಳಗೆ ಇಂಗುವ ಸೀಲರ್ ಹಾಕಿ ಬಿಡುತ್ತಿದ್ದೆ. ಪದರ ಕಟ್ಟದ ಸೀಲರ್ ತೇವವನ್ನು ತಡೆದಿಡುವುದಿಲ್ಲ, ಹಾಗಾಗಿ ಸಿಪ್ಪೆ ಏಳುವ ಮಾತೇ ಇಲ್ಲ. ಎಷ್ಟೋ ಮನೆಗಳಿಗೆ ಅದೇ ಸಾಕು.

ಕೊನೆಗೆ ತಂದದ್ದು ಹೊಳಪಿಲ್ಲದ, ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣದ ವಿಟ್ರಿಫೈಡ್ ಟೈಲ್ಸ್, 40 ಸೆಂಟಿಮೀಟರ್ ಚೌಕ. ಗೀರು ಬಿದ್ದರೂ ಒಳಗಿನದು ಬೇರೆ ಬಣ್ಣವಲ್ಲವಾದ್ದರಿಂದ ಎದ್ದು ಕಾಣುವುದಿಲ್ಲ. ತಿಳಿ ಬೂದು ಬಣ್ಣ, ಯಾಕೆಂದರೆ ಬಿಸಿಲಲ್ಲಿ ಇಟ್ಟಾಗ ಕಡುಬಣ್ಣದ ತುಂಡುಗಳ ಮೇಲೆ ಕಾಲಿಡಲು ಆಗಲಿಲ್ಲ.

ಹಳೆಯ ಎಪಾಕ್ಸಿ ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಬಣ್ಣದ ಮೇಲೆಯೇ ಅಂಟು ಹಾಕಿದರೆ ಟೈಲ್ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ನೆಲವನ್ನಲ್ಲ. ನಾನೂ ತಮ್ಮನೂ ಎರಡು ದಿನ ಗ್ರೈಂಡರ್ ಹಿಡಿದೆವು. ಕಾಂಕ್ರೀಟಿನ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಸರಿಯಾದ ಮಾಸ್ಕ್ ಮತ್ತು ಧೂಳು ಎಳೆಯುವ ಯಂತ್ರ ಇಲ್ಲದೆ ದಯವಿಟ್ಟು ಶುರು ಮಾಡಬೇಡಿ. ಆಮೇಲೆ ಪಾಲಿಮರ್ ಬೆರೆಸಿದ ಗಾರೆಯಿಂದ ವಾಟ ಸರಿಮಾಡಿ, ಒಣಗಲು ಬಿಟ್ಟೆವು.

ಟೈಲ್ ಕೂರಿಸುವಾಗ ಎರಡು ವಿಷಯಕ್ಕೆ ನಾನು ತುಂಬಾ ಹಟ ಹಿಡಿದೆ. ಒಂದು, ಅಡಿಯಲ್ಲಿ ಖಾಲಿ ಜಾಗ ಇರಬಾರದು. ಕಟ್ಟೆಯ ಹಳೆಯ ಟೈಲ್ಸ್ ಕಿತ್ತಾಗ ನೋಡಿದ್ದೆ, ಐದು ಉಂಡೆ ಗಾರೆ ಇಟ್ಟು ಮೇಲೆ ಟೈಲ್ ಕೂರಿಸಿದ್ದರು. ಉಂಡೆಗಳ ನಡುವೆ ನೀರು ತುಂಬಿತ್ತು. ಹೊರಗಿನ ಮತ್ತು ಒದ್ದೆಯಾಗುವ ನೆಲಕ್ಕೆ ಟೈಲಿನ ಅಡಿಭಾಗದ ಶೇಕಡಾ 95ರಷ್ಟು ಅಂಟು ತಾಗಿರಬೇಕು. ಹಲ್ಲಿನ ಕರಣೆಯಲ್ಲಿ ಗೆರೆಗಳನ್ನು ಒಂದೇ ದಿಕ್ಕಿಗೆ ನೇರವಾಗಿ ಎಳೆಯಿರಿ. ಸುತ್ತಿಸಿ ಎಳೆದರೆ ಮಧ್ಯೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಟೈಲಿನ ಬೆನ್ನಿಗೂ ತೆಳುವಾಗಿ ಒಂದು ಪದರ ಬಳಿಯಿರಿ. ಹತ್ತು ಟೈಲಿಗೊಂದನ್ನು ಎತ್ತಿ ನೋಡಿ.

ಆದರೂ ನನ್ನ ಕೈಯಲ್ಲಿ ಆರು ಟೈಲ್ ಕೆಟ್ಟವು. ಮಧ್ಯಾಹ್ನ ಕಿಟಕಿ ತೆರೆದು ಕೆಲಸ ಮಾಡುತ್ತಿದ್ದೆ. ಬಿಸಿಲು, ಗಾಳಿ. ಒಂದೇ ಸಲಕ್ಕೆ ಜಾಸ್ತಿ ಜಾಗಕ್ಕೆ ಅಂಟು ಹರಡಿದ್ದೆ, ಅದರ ಮೇಲ್ಮೈ ಕೆನೆಗಟ್ಟಿತ್ತು. ಮರುದಿನ ಕರಣೆಯ ಹಿಡಿಯಿಂದ ತಟ್ಟಿದರೆ ಆ ಆರೂ ಟೊಳ್ಳು ಶಬ್ದ. ಕಿತ್ತು ಮತ್ತೆ ಹಾಕಿದೆ. ಅಂಟನ್ನು ಬೆರಳಿನಿಂದ ಮುಟ್ಟಿದಾಗ ಬೆರಳಿಗೆ ಹತ್ತಬೇಕು. ಹತ್ತದಿದ್ದರೆ ಕೆರೆದು ಬಿಸಾಡಿ, ಹೊಸದು ಹಾಕಿ.

ಎರಡನೆಯದು ಹಿಗ್ಗಲು ಜಾಗ. ವಿನೈಲ್ ಕಲಿಸಿದ ಪಾಠ ಇದು. ಟೈಲ್ ವಿನೈಲಿನಷ್ಟು ಹಿಗ್ಗುವುದಿಲ್ಲ, ಆದರೆ ಹಿಗ್ಗುತ್ತದೆ. ಜಾಗ ಸಿಗದಿದ್ದರೆ ಅದೂ ಎದ್ದು ನಿಲ್ಲುತ್ತದೆ. ಗೋಡೆಯ ಸುತ್ತ 8 ಮಿಲಿಮೀಟರ್ ಸಂದು ಬಿಟ್ಟು, ಮೇಲೆ ಸ್ಕರ್ಟಿಂಗ್ ಮುಚ್ಚಿದೆ. ಬಿಸಿಲು ಬೀಳುವ ನೆಲಕ್ಕೆ ಎರಡೂವರೆಯಿಂದ ಮೂರೂವರೆ ಮೀಟರಿಗೊಂದು ಮೆತ್ತನೆಯ ಸಂದು ಬೇಕು, ಒಳಗಿನ ಕೋಣೆಗೆ ಇದರ ದುಪ್ಪಟ್ಟು ದೂರ ಬಿಟ್ಟರೂ ನಡೆಯುತ್ತದೆ. ನಮ್ಮದು 5 ಮೀಟರ್ ಉದ್ದ, ಹಾಗಾಗಿ ನಡುವೆ ಒಂದು. ಅದರಲ್ಲಿ ಗ್ರೌಟ್ (ಟೈಲ್ ಸಂದಿಗೆ ತುಂಬುವ ಗಾರೆ) ಇಲ್ಲ, ಗ್ರೌಟಿನದೇ ಬಣ್ಣದ, ಒಣಗಿದರೂ ಮೆತ್ತಗಿರುವ ಸಿಲಿಕೋನ್. ಕಾಂಕ್ರೀಟಿನಲ್ಲಿ ಒಂದು ಹಳೆಯ ಬಿರುಕಿತ್ತು. ಅದು ಹೆಚ್ಚು ಕಡಿಮೆ ಅಲ್ಲೇ ಹಾದುಹೋಗುತ್ತಿತ್ತು, ಟೈಲ್ ಸಾಲನ್ನು ಸ್ವಲ್ಪ ಸರಿಸಿ ಮೆತ್ತನೆಯ ಸಂದು ಬಿರುಕಿನ ಮೇಲೆಯೇ ಬರುವ ಹಾಗೆ ಮಾಡಿದೆ. ಉಳಿದ ಸಂದುಗಳು 4 ಮಿಲಿಮೀಟರ್, ಸಿಮೆಂಟ್ ಗ್ರೌಟ್.

ಹೊರಗಿನ ಕಟ್ಟೆಗೆ ಟೈಲ್ಸ್ ಬೇಡವೆಂದೆ. ಅಲ್ಲಿ ಜಲ್ಲಿ, ಅದರ ಮೇಲೆ ಮರಳು ಹಾಸಿ, ಸಿಮೆಂಟ್ ಪೇವರ್ ಜೋಡಿಸಿದೆ. ನೀರು ಸಂದಿನಲ್ಲೇ ಇಂಗುತ್ತದೆ. ಕುಸಿದರೆ ಎತ್ತಿ ಮರಳು ತುಂಬಿ ಮತ್ತೆ ಇಡಬಹುದು. ಒಂದು ಮೂಲೆಯಲ್ಲಿ ಆಗಲೇ ಹಾಗೆ ಮಾಡಿದ್ದೇನೆ, ಅರ್ಧ ದಿನದ ಕೆಲಸ.

ಮೊದಲ ವರ್ಷ ವರಾಂಡದ ಹೊರಮೂಲೆಯ ಗ್ರೌಟ್ ಮೇಲೆ ಬಿಳಿ ಪುಡಿ ಕಾಣಿಸಿತು. ತೇವ ತಂದು ಬಿಟ್ಟ ಉಪ್ಪು ಅದು. ಆ್ಯಸಿಡ್ ಹಾಕಿ ತೊಳೆಯಿರಿ ಅಂತ ಹಲವರು ಹೇಳಿದರು. ಆ್ಯಸಿಡ್ ಸಿಮೆಂಟ್ ಗ್ರೌಟನ್ನೇ ತಿನ್ನುತ್ತದೆ, ನಾನು ಹಾಕಲಿಲ್ಲ. ಒಣ ಬ್ರಶ್‌ನಿಂದ ಉಜ್ಜಿ ಗುಡಿಸಿದೆ. ಎರಡನೇ ವರ್ಷ ಕಡಿಮೆಯಾಯಿತು, ಈಗ ಇಲ್ಲ. ಮಳೆ ಶುರುವಾದಾಗ ಅಮ್ಮ ಬರಿಗಾಲಲ್ಲೇ ಹೋಗಿ ಕಿಟಕಿ ಮುಚ್ಚಿ ಬರುತ್ತಾರೆ.

ವರ್ಷಕ್ಕೊಮ್ಮೆ ಎಲ್ಲ ಟೈಲ್ ತಟ್ಟಿ ನೋಡುತ್ತೇನೆ. ಬಾಗಿಲ ಬಳಿಯ ಸಿಲಿಕೋನ್ ಅಂಚು ಬಿಡತೊಡಗಿದೆ, ಈ ಬೇಸಿಗೆಯಲ್ಲಿ ಕೆರೆದು ಹೊಸದು ತುಂಬಬೇಕು. ಮಿಕ್ಕ ಅರ್ಧ ಡಬ್ಬ ಟೈಲ್ಸನ್ನು ಬ್ಯಾಚ್ ನಂಬರ್ ಚೀಟಿಯ ಸಮೇತ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ನೀವೂ ಇಟ್ಟುಕೊಳ್ಳಿ. ಅದೇ ಹೆಸರಿನ ಟೈಲ್ ಮುಂದಿನ ಬ್ಯಾಚಿನಲ್ಲಿ ಅದೇ ಬಣ್ಣ ಇರುತ್ತದೆ ಅಂತ ಹೇಳಲಾಗದು.