ಅವಳು ಸುಮ್ನೆ ಕೂತಿದ್ದಾಳೆ ಅಂದ್ಕೋಬೇಡಿ

ಮದುವೆ ಛತ್ರ. ಗಟ್ಟಿಮೇಳ ಶುರುವಾಯಿತು. ಅಕ್ಕನ ಒಂಬತ್ತು ವರ್ಷದ ಮಗ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಗಳ ನಡುವೆ ಬಿದ್ದು ಕಿರುಚತೊಡಗಿದ. ಅವನಿಗೆ ಆಟಿಸಂ ಇದೆ, ಅಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ. ಅಕ್ಕ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಮಾತೇ ಆಡಲಿಲ್ಲ. ಸುತ್ತ ನಿಂತವರು ಆಡಿದರು: ‘ಎರಡು ಬಿಗಿ, ಸರಿ ಹೋಗ್ತಾನೆ’, ‘ಮೊಬೈಲ್ ಕೊಟ್ಬಿಡಮ್ಮ’, ‘ದೃಷ್ಟಿ ಆಗಿರ್ಬೇಕು’. ನಾನೂ ‘ಏನಾದ್ರೂ ಮಾಡೇ’ ಅಂದೆ. ಅವಳು ಆಗಲೇ ಮಾಡುತ್ತಿದ್ದಳು. ಅದು ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಇಂಥ ಅಪ್ಪ ಅಮ್ಮಂದಿರಿಗೆ ನಾವು, ಅಂದರೆ ಚಿಕ್ಕಮ್ಮ, ಮಾವ, ಪಕ್ಕದ ಮನೆಯವರು, ಹೇಗೆ ಜೊತೆಯಾಗಬಹುದು?

ಮೊದಲು: ಇದು ಹಟವಲ್ಲ
ಹಟ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ. ಕೇಳಿದ್ದು ಸಿಕ್ಕರೆ ಸಾಮಾನ್ಯವಾಗಿ ನಿಲ್ಲಿಸುತ್ತದೆ. ಛತ್ರದಲ್ಲಿ ಆದದ್ದಕ್ಕೆ ಮೆಲ್ಟ್‌ಡೌನ್ ಅನ್ನುತ್ತಾರೆ, ಅದು ಹಾಗಲ್ಲ. ಸದ್ದು, ಬೆಳಕು, ಜನ ಎಲ್ಲ ಜಾಸ್ತಿಯಾಗಿ ಮಗುವಿಗೆ ತಡೆಯಲಾಗುವುದಿಲ್ಲ. ಆಗ ಬುದ್ಧಿಮಾತೂ ಇನ್ನೊಂದು ಸದ್ದು ಅಷ್ಟೇ.

ಆ ಹೊತ್ತಿನಲ್ಲಿ
ಮಾತಾಡುವವರು ಒಬ್ಬರೇ ಇರಲಿ, ಅಪ್ಪ ಅಥವಾ ಅಮ್ಮ. ನೀವು ಜನರನ್ನು ಸರಿಸಿ. ಟ್ಯೂಬ್‌ಲೈಟ್, ಟಿವಿ, ಮಿಕ್ಸಿ ಆರಿಸಿ. ಕೈಗೆ ಸಿಗುವ ಗಾಜಿನ ಲೋಟ ಎತ್ತಿಡಿ. ಮಗು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದರೆ ನಡುವೆ ದಿಂಬು ಹಿಡಿಯಿರಿ. ಮಗುವನ್ನು ಅದುಮಿ ಹಿಡಿಯಬೇಡಿ. ವಿಡಿಯೊ ಮಾಡುವವರಿಗೆ ಫೋನ್ ಒಳಗಿಡಲು ಹೇಳಿ, ಮುಲಾಜು ಬೇಡ.

ಎಲ್ಲ ತಣ್ಣಗಾದ ಮೇಲೆ ‘ಯಾಕೆ ಹೀಗ್ ಮಾಡ್ದೆ’ ಅನ್ನುವ ವಿಚಾರಣೆ ಬೇಡ. ಮಗುವಿಗೆ ನೀರು, ಅಮ್ಮನಿಗೆ ಕಾಫಿ.

ನೋಟ್‌ಬುಕ್ ನಿಮ್ಮ ಕೈಲಿರಲಿ
ಮೂರು ಕಾಲಂ ಹಾಕಿ: ಅದಕ್ಕೆ ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ನಾವೇನು ಮಾಡಿದೆವು. ಗಂಟೆಯನ್ನೂ ಬರೆಯಿರಿ. ಮಗುವನ್ನು ನೋಡಿಕೊಳ್ಳುತ್ತಾ ಬರೆಯಲು ಅಮ್ಮನಿಗೆ ಆಗುವುದಿಲ್ಲ, ಪಕ್ಕದಲ್ಲಿರುವವರಿಗೆ ಆಗುತ್ತದೆ. ನಾನು ಎರಡು ವಾರ ಬರೆದೆ. ಜಾಸ್ತಿ ಸಲ ಸಂಜೆ ಏಳರ ಸುಮಾರಿಗೇ ಆಗುತ್ತಿತ್ತು. ಹೋಂವರ್ಕ್ ಕಾರಣ ಅಂದುಕೊಂಡಿದ್ದೆವು. ಆದರೆ ‘ಮುಂಚೆ’ ಕಾಲಂನಲ್ಲಿ ಮತ್ತೆ ಮತ್ತೆ ಇದ್ದದ್ದು ಕುಕ್ಕರ್ ವಿಷಲ್! ಈಗ ಅವನು ಸ್ಕೂಲಿಂದ ಬರುವುದರೊಳಗೇ ಅನ್ನ ಆಗಿರುತ್ತದೆ.

ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದರೆ ಮೊದಲು ಡಾಕ್ಟರಿಗೆ ತೋರಿಸಿ. ಹಲ್ಲುನೋವು, ಕಿವಿನೋವು, ಮಲಬದ್ಧತೆಯನ್ನು ಮಾತು ಬಾರದ ಮಗು ಹೀಗೇ ಹೇಳುವುದು.

ಮನೆಗೆಲ್ಲ ಒಂದೇ ನಿಯಮ
ಅಮ್ಮ ಬೇಡವೆಂದ ಚಾಕೊಲೇಟನ್ನು ಅಜ್ಜಿ ಸೆರಗಿನ ಮರೆಯಲ್ಲಿ ಕೊಟ್ಟರೆ ಮುಂದಿನ ಸಲ ಹಟ ಇನ್ನೂ ಜೋರಾಗುತ್ತದೆ. ನಮ್ಮಮ್ಮನಿಗೆ ಇದನ್ನು ಹೇಳಲು ನನಗೆ ಧೈರ್ಯ ಸಾಲಲಿಲ್ಲ. ಥೆರಪಿಸ್ಟ್ ಬಾಯಲ್ಲೇ ಹೇಳಿಸಿದೆವು.

ಓಡಾಟವನ್ನೂ ಹಂಚಿಕೊಳ್ಳಿ
ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಆಟಿಸಂ ಇರುವ ಮಕ್ಕಳನ್ನು ನೋಡುತ್ತಾರೆ. ತಂದೆ ತಾಯಿಗೇ ಮನಸ್ಸು ಸೋತರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಆಟಿಸಂ 2016ರ ಅಂಗವಿಕಲರ ಹಕ್ಕು ಕಾಯ್ದೆಯೊಳಗೆ ಬರುತ್ತದೆ. ಕೇಂದ್ರ ಸರ್ಕಾರದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ವೆಚ್ಚ ಸಿಗುತ್ತದೆ. ಆ ಅರ್ಜಿ ನೀವೇ ತುಂಬಿಕೊಡಿ.

ವಾರಕ್ಕೆ ಎರಡು ಗಂಟೆ
‘ಏನಾದ್ರೂ ಬೇಕಾದ್ರೆ ಹೇಳು’ ಅಂದರೆ ಯಾರೂ ಹೇಳುವುದಿಲ್ಲ. ‘ಭಾನುವಾರ ನಾಲ್ಕರಿಂದ ಆರು ನಾನಿರ್ತೀನಿ’ ಅನ್ನಿ. ಅದಕ್ಕೆ ಮುಂಚೆ ಎರಡು ಮೂರು ಸಲ ಅಮ್ಮನ ಜೊತೆಗೇ ಕೂತು ಮಗುವಿನ ರೀತಿ ಕಲಿಯಿರಿ. ನನ್ನ ಸರದಿಯ ಮೊದಲ ಭಾನುವಾರ ಅಕ್ಕ ಪೇಟೆಗೂ ಹೋಗಲಿಲ್ಲ, ದೇವಸ್ಥಾನಕ್ಕೂ ಹೋಗಲಿಲ್ಲ. ಒಳಕೋಣೆಯ ಬಾಗಿಲು ಹಾಕಿಕೊಂಡು ನಿದ್ದೆ ಮಾಡಿದಳು.