ನಾಲ್ಕೇ ಬೀಜ ಇಟ್ಟಾಗ

ಮಂಗಳೂರು ಕದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಶನಿವಾರ ರಾತ್ರಿ ಪೋಕರ್ ಉಂಟು. ದುಡ್ಡಿಲ್ಲ. ಅಜ್ಜಿಯ ಚೆನ್ನೆಮಣೆಯ ಕೆಂಪು ಮಂಜೊಟ್ಟಿ ಬೀಜಗಳೇ ಪಣಕ್ಕಿಡುವ ನಮ್ಮ ಚಿಪ್ಸ್. ಚೆನ್ನೆಗೆ 56 ಬೀಜ ಸಾಕು, ನಾಲ್ವರ ಪೋಕರಿಗೆ ಸಾಲದು. ಹಾಗಾಗಿ ಕೆಂಪು ಬೀಜಕ್ಕೆ ಒಂದು, ಹುಣಸೆ ಬೀಜಕ್ಕೆ ಐದು ಅಂತ ಲೆಕ್ಕ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನು ಬಂದು ಮೊಬೈಲಿನ ಹಣದ ಪೋಕರ್ ನಿಂತಾಗ ನಮಗೇನೂ ನಷ್ಟವಾಗಲಿಲ್ಲ.

ಪಕ್ಕದ ಮನೆಯ ಮಾವ ಬ್ಯಾಂಕಿನಿಂದ ರಿಟೈರ್ ಆದವರು. ಪಾಟಿನಲ್ಲಿ, ಅಂದರೆ ಗೆದ್ದವರಿಗೆ ಸಿಗುವ ನಡುವಿನ ರಾಶಿಯಲ್ಲಿ, 40 ಇರುವಾಗ ಅವರು ನಾಲ್ಕೇ ಕೆಂಪು ಬೀಜವನ್ನು ತೋರುಬೆರಳಿನಲ್ಲಿ ಒಂದೊಂದಾಗಿ ಮುಂದೆ ದೂಡುತ್ತಾರೆ. ಮುಖದಲ್ಲಿ ಎಂತದೂ ಇಲ್ಲ. ಮೊದಲೆಲ್ಲ ಅದನ್ನು ನೋಡಿದರೇ ನನಗೆ ಮೈ ಉರಿಯುತ್ತಿತ್ತು. ಇದೆಂಥ ಭಿಕ್ಷೆ ಅನ್ನಿಸಿ ರೈಸ್ ಮಾಡಿಬಿಡುತ್ತಿದ್ದೆ, ಅಂದರೆ ಅವರಿಗಿಂತ ಹೆಚ್ಚು ಇಟ್ಟು ಏರಿಸುತ್ತಿದ್ದೆ.

ಒಂದು ಆಟ ಈಗಲೂ ನೆನಪುಂಟು. ನನ್ನ ಕೈಯಲ್ಲಿ ಒಂಬತ್ತು, ಎಂಟು. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ನಡುವೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ, ಗುಲಾಮ, ಏಳು, ಎರಡು, ಮೂರೂ ಬೇರೆ ಬೇರೆ ಜಾತಿ. ಹತ್ತು ಬಂದರೆ ಮಾತ್ರ ಸ್ಟ್ರೈಟ್, ಅಂದರೆ ಸಾಲಾಗಿ ಐದು ಎಲೆ, ಇಲ್ಲದಿದ್ದರೆ ನನ್ನದು ಸೊನ್ನೆ. ಮಾವ ನಾಲ್ಕು ಇಟ್ಟರು. ನಾನು 24ಕ್ಕೆ ಏರಿಸಿದೆ. ಮಾವ ಕನ್ನಡಕ ಸರಿಮಾಡಿಕೊಂಡು ಹುಣಸೆ ಬೀಜದ ರಾಶಿಯನ್ನೇ ದೂಡಿದರು. 80. ಎಲೆ ಬಿಸಾಡಿದೆ. ಅವರ ಕೈಯಲ್ಲಿ ಜೋಡಿ ಏಳು ಇತ್ತು, ಫ್ಲಾಪಿನದ್ದು ಸೇರಿ ಮೂರು.

"ನೀನು ಏರಿಸ್ತಿ ಅಂತ ಗೊತ್ತಿತ್ತು ಮಾರಾಯ," ಅಂದರು.

ಸುಮ್ನೆ ಮುಂದಿನ ಎಲೆ ತಿರುಗಿಸಿ ನೋಡಿದೆವು. ಕಳಾವರ್ ಮೂರು. ಹತ್ತು ಬರಲಿಲ್ಲ, ಆದರೂ ನನ್ನ ತಪ್ಪು ತಪ್ಪೇ.

ಲೆಕ್ಕ ನೋಡಿ. ನಾಲ್ಕು ಹಾಕಿದರೆ 44 ಸಿಗಬಹುದು. ಅಂದರೆ 12 ಸಲದಲ್ಲಿ ಒಂದು ಸಲ ಗೆದ್ದರೆ ಅಸಲು ವಾಪಸ್. ನಾನು ಕಾಣದ 47 ಎಲೆಗಳಲ್ಲಿ ನಾಲ್ಕು ಹತ್ತುಗಳು, ಶೇಕಡಾ 8.5. ಬೇಕಾದದ್ದು 8.3. ಅಂತೂ ಇಂತೂ ಸರಿಹೋಗುವ ರೇಟು. ಸ್ಟ್ರೈಟ್ ಆದರೆ ಮಾವನಿಂದ ಇನ್ನೂ ಸ್ವಲ್ಪ ಕೀಳಬಹುದಿತ್ತು. ಅಷ್ಟು ಅಗ್ಗಕ್ಕೆ ಎಲೆ ನೋಡುವುದು ಬಿಟ್ಟು, ರೈಸ್ ಮಾಡಿ, ಮತ್ತೆ ಏರಿಸುವ ಅವಕಾಶವನ್ನು ನಾನೇ ಅವರಿಗೆ ಕೊಟ್ಟೆ. ಮೇಲಿಂದ 24 ಬೀಜ ಬೇರೆ ಹೋಯಿತು. ಇದು ತಲೆಗೆ ಹೋಗಲಿಕ್ಕೆ ನನಗೆ ಒಂದು ಮಳೆಗಾಲ ಬೇಕಾಯಿತು.

ಈಗ ಮೊದಲು ರೇಟು ನೋಡುತ್ತೇನೆ. ಎದುರಿನವರು ಪಾಟಿನ ಕಾಲುಭಾಗ ಇಟ್ಟರೆ ನಾನು ಆರರಲ್ಲಿ ಒಂದು ಸಲ ಗೆದ್ದರೆ ಸಾಕು. ಪಾಟಿನಷ್ಟೇ ಇಟ್ಟರೆ ಮೂರರಲ್ಲಿ ಒಂದು ಬೇಕು. ಹಾಗಾಗಿ ಸಣ್ಣ ಬೆಟ್ ಬಂದಾಗ ನಡುವೆ ತೆರೆದ ಎಲೆಗಳಲ್ಲಿ ಎರಡನೇ ದೊಡ್ಡದರ ಜೋಡಿ ಇದ್ದರೆ ಬಿಡುವುದಿಲ್ಲ, ಕೆಲವು ಸಲ ಬರೀ ಎಕ್ಕ ಇದ್ದರೂ ಬಿಡುವುದಿಲ್ಲ. ಆದರೆ ಅಗ್ಗ ಈ ಸುತ್ತಿಗೆ ಮಾತ್ರ. ನಾಲ್ಕನೇ ಎಲೆ ತೆರೆಯುವ ಟರ್ನಿನಲ್ಲಿ ಮಾವ 30 ಇಟ್ಟರೆ ಲೆಕ್ಕ ಹೊಸತು.

ಆಮೇಲೆ ಜನ ನೋಡುತ್ತೇನೆ. ಮೀನಿನ ಧಕ್ಕೆಯಲ್ಲಿ ದುಬಾರಿ ಅಂಜಲನ್ನು ಅಗ್ಗದ ಬಂಗುಡೆ ರೇಟಿಗೆ ಕೊಡ್ತೇನೆ ಅಂದರೆ ಕಿವಿರು ಎತ್ತಿ ನೋಡ್ತೇವೆ, ಅಲ್ವಾ? ನನ್ನ ಭಾವ ರಿವರಿನಲ್ಲಿ, ಅಂದರೆ ಕೊನೆಯ ಐದನೇ ಎಲೆ ಬಿದ್ದ ಮೇಲೆ, ಸಣ್ಣದು ಇಟ್ಟರೆ ಅದು ಹೆದರಿಕೆ. ಕೈಯಲ್ಲಿ ಸಾಧಾರಣ ಜೋಡಿ, ನಾನು ದೊಡ್ಡದು ಇಡಬಾರದು ಅಂತ ಮೊದಲೇ ಅಡ್ಡಗಟ್ಟುತ್ತಾನೆ. ನನ್ನದು ಒಳ್ಳೆ ಕೈ ಆಗಿದ್ದರೆ ಅವನ ಮೇಲೆ ಏರಿಸುತ್ತೇನೆ. ಆದರೆ ನಾಲ್ಕಕ್ಕೆ ಎಂಟಲ್ಲ. ಎಂಟು ಮಾಡಿದರೆ ಅವನು ಇನ್ನು ನಾಲ್ಕು ಹಾಕಿಯೇ ಹಾಕುತ್ತಾನೆ, ನನಗೆ ಸಿಗುವುದೂ ಆ ನಾಲ್ಕೇ. ಅವನ ಬೆಟ್ ನೋಡದೆ ಪಾಟ್ ನೋಡಿ 25, 30 ಮಾಡುತ್ತೇನೆ.

ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ಓದುವ ಅಳಿಯನದ್ದು ಬೇರೆಯೇ. ಕಂಪ್ಯೂಟರಿನಲ್ಲಿ ಕಲಿತವ. ಸಪ್ಪೆ ಫ್ಲಾಪ್ ಬಿದ್ದರೆ ಕೈಯಲ್ಲಿ ಏನೇ ಇರಲಿ, ಪಾಟಿನ ಮೂರನೇ ಒಂದು ಭಾಗ ಇಡುತ್ತಾನೆ. ಅದರಲ್ಲಿ ಅರ್ಥ ಹುಡುಕುವುದು ದಂಡ.

ಮಾವನದ್ದು ಮಾತ್ರ ನನಗೆ ಇನ್ನೂ ಗೊತ್ತಾಗುವುದಿಲ್ಲ. ಹೋದ ಶನಿವಾರ ರಿವರಿನಲ್ಲಿ ಪಾಟ್ 36 ಇತ್ತು, ಮೂರು ಬೀಜ ದೂಡಿದರು. ನನ್ನದು ಎಂಟರ ಜೋಡಿ. ಏರಿಸದೆ ಅಷ್ಟೇ ಹಾಕಿ ಕಾಲ್ ಮಾಡಿದೆ. ಅವರು ರಾಣಿ ಜೋಡಿ ತೋರಿಸಿದರು. ಮೂರು ಬೀಜ ಹೋಯಿತು.

"ಎಂತ, ಈ ಸಲ ಏರಿಸ್ಲಿಲ್ಲ?" ಅಂತ ಕೇಳಿದರು. ನಾನು ಎಲೆ ಕಲಸಲಿಕ್ಕೆ ತೆಗೆದುಕೊಂಡೆ.