ಮುಂದಿನ 2 ಬೇರೆ, ಕೆಳಗಿನ 2 ಬೇರೆ

ಪರೀಕ್ಷೆಯ ಹಿಂದಿನ ದಿನ ನಮ್ಮ ಬೀದಿಯ ಎಂಟನೇ ಕ್ಲಾಸಿನ ಮಕ್ಕಳು ನೋಟ್‌ಬುಕ್ ಹಿಡಿದು ಮನೆಗೆ ಬರುತ್ತಾರೆ. ಎಲ್ಲರದ್ದೂ ಒಂದೇ ತಪ್ಪು. ರಾಸಾಯನಿಕ ಸಮೀಕರಣದ ಎರಡೂ ಕಡೆ ಪರಮಾಣುಗಳ ಲೆಕ್ಕ ಸರಿದೂಗದಿದ್ದರೆ ಸೂತ್ರದೊಳಗಿನ ಪುಟ್ಟ ಅಂಕಿಯನ್ನೇ ತಿದ್ದಿಬಿಡುತ್ತಾರೆ.

1. ಮೊದಲು ದರ್ಶಿನಿಗೆ ಹೋಗಿ. ಒಂದು ಪ್ಲೇಟ್ ಇಡ್ಲಿ-ವಡೆ ಅಂದರೆ 2 ಇಡ್ಲಿ, 1 ವಡೆ. 3 ಪ್ಲೇಟಿಗೆ ಟೋಕನ್ ತಗೊಂಡರೆ 6 ಇಡ್ಲಿ, 3 ವಡೆ. ನೀರಿನ ಸೂತ್ರ ಎಚ್₂ಒ ಕೂಡ ಒಂದು ಪ್ಲೇಟ್: 2 ಹೈಡ್ರೋಜನ್, 1 ಆಕ್ಸಿಜನ್. 3ಎಚ್₂ಒ ಅಂದರೆ 3 ಪ್ಲೇಟ್. ಮುಂದಿನ ಆ 3 ಗುಣಾಂಕ. ಎಷ್ಟು ಪ್ಲೇಟ್ ಅನ್ನುವುದನ್ನು ಅದು ಹೇಳುತ್ತದೆ. ಪ್ಲೇಟಿನಲ್ಲಿ ಏನೇನಿದೆ ಅನ್ನುವುದು ಕೆಳಗಿನ ಅಂಕಿಯ ಕೆಲಸ. ಮುಂದೆ ಏನೂ ಇಲ್ಲದಿದ್ದರೆ 1.

2. ಆವರಣ ಬಂದರೆ ಒಳಗಿನದನ್ನು ಮೊದಲು ಎಣಿಸಿ. ಅರಳಿದ ಸುಣ್ಣ ಸಿಎ(ಒಎಚ್)₂. ಆವರಣದ ಹೊರಗಿನ ಪುಟ್ಟ 2 ಅಂದರೆ ಒಳಗಿನ ಒಎಚ್ ಎರಡು ಸಲ. ಅದರ ಮುಂದೆ 3 ಇದ್ದರೆ ಕ್ಯಾಲ್ಸಿಯಂ 3, ಆಕ್ಸಿಜನ್ 6, ಹೈಡ್ರೋಜನ್ 6.

3. ಈಗ ಎಡವುವ ಜಾಗ. ಎಚ್₂ + ಒ₂ → ಎಚ್₂ಒ. ಎಡಗಡೆ ಆಕ್ಸಿಜನ್ 2, ಬಲಗಡೆ 1. ಮಕ್ಕಳು ಬಲಗಡೆಯದನ್ನು ಎಚ್₂ಒ₂ ಮಾಡಿ ಕೈತೊಳೆದುಕೊಳ್ಳುತ್ತಾರೆ. ಲೆಕ್ಕವೇನೋ ಸರಿಹೋಯಿತು, ಆದರೆ ಲೋಟದಲ್ಲಿ ಈಗ ನೀರಿಲ್ಲ! ಅದು ಹೈಡ್ರೋಜನ್ ಪೆರಾಕ್ಸೈಡ್. ಗಾಯಕ್ಕೆ ಹಾಕಿದರೆ ಬುಸ್ಸನೆ ನೊರೆ ಬರುತ್ತದಲ್ವಾ, ಅದೇ. ಕೆಳಗಿನ ಅಂಕಿ ಮುಟ್ಟಿದರೆ ವಸ್ತುವೇ ಬದಲಾಗುತ್ತದೆ. ಅದಕ್ಕೆ ಸೂತ್ರ ಬರೆದ ಕೂಡಲೇ ಪ್ರತಿಯೊಂದರ ಸುತ್ತ ಪೆನ್ನಿನಲ್ಲಿ ಡಬ್ಬಿ ಹಾಕಿಸಿ. ಡಬ್ಬಿಯೊಳಗೆ ಕೈ ಹಾಕುವಂತಿಲ್ಲ. ಗುಣಾಂಕವನ್ನು ಹೊರಗೆ, ಪೆನ್ಸಿಲ್‌ನಲ್ಲಿ ಬರೆಯಬೇಕು. ಸರಿ ಉತ್ತರ: 2ಎಚ್₂ + ಒ₂ → 2ಎಚ್₂ಒ.

ನಂಬಿಕೆ ಬರದಿದ್ದರೆ ನೆನೆಸಿದ ಕಡಲೆಕಾಳು, ಅವರೆಕಾಳು, ಹಲ್ಲುಕಡ್ಡಿ ತಗೊಂಡು, ಒಂದು ಕಾಳಿಗೆ ಒಂದು ಪರಮಾಣು ಅಂತ ಅಣುಗಳನ್ನು ಜೋಡಿಸಿ ನೋಡಲಿ. ಅಣು ಕಟ್ಟುವ ಪ್ಲಾಸ್ಟಿಕ್ ಗುಂಡುಗಳ ಕಿಟ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ನಾನು ತರಿಸಿದ ಕಿಟ್‌ನಲ್ಲಿ ಆಕ್ಸಿಜನ್ ಗುಂಡಿಗೆ ಒಂದೇ ತೂತು. ಎರಡು ಹೈಡ್ರೋಜನ್ ಸಿಕ್ಕಿಸಲು ಜಾಗವಿಲ್ಲದೆ ಅದರಲ್ಲಿ ನೀರನ್ನೇ ಕಟ್ಟಲಾಗಲಿಲ್ಲ. ಉತ್ತರ ಉದುರಿಸುವ ಆ್ಯಪ್‌ಗಳೂ ಬೇಡ.

4. ಆಕ್ಸಿಜನ್‌ನ ಸರದಿ ಸಾಮಾನ್ಯವಾಗಿ ಕೊನೆಗೆ. ಅದು ಹಲವು ಕಡೆ ಅಡಗಿರುತ್ತದೆ. ಪೈಪ್‌ನಲ್ಲಿ ಬರುವ ಅಡುಗೆ ಗ್ಯಾಸ್ ಹೆಚ್ಚಾಗಿ ಮೀಥೇನ್: ಸಿಎಚ್₄ + ಒ₂ → ಸಿಒ₂ + ಎಚ್₂ಒ. ಕಾರ್ಬನ್ ಆಗಲೇ ಸರಿಯಿದೆ. ಹೈಡ್ರೋಜನ್ ಎಡಗಡೆ 4, ಬಲಗಡೆ 2. ಹಾಗಾಗಿ ನೀರಿನ ಮುಂದೆ 2. ಈಗ ಬಲಗಡೆ ಆಕ್ಸಿಜನ್ ಸಿಒ₂ನಲ್ಲಿ 2, ನೀರಿನಲ್ಲಿ 2, ಒಟ್ಟು 4. ಮಕ್ಕಳು ಒಂದನ್ನು ಎಣಿಸಿ ಇನ್ನೊಂದನ್ನು ಮರೆಯುವುದು ಇಲ್ಲೇ. ಎಡಗಡೆ 2ಒ₂ ಹಾಕಿದರೆ ಮುಗಿಯಿತು. ಒಲೆಯ ಮೇಲಿಟ್ಟ ತಣ್ಣನೆಯ ಪಾತ್ರೆಯ ತಳದಲ್ಲಿ ಮೂಡುವ ಹನಿ ಈ 2ಎಚ್₂ಒ ಕಡೆಯದೇ.

5. ಅರ್ಧ ಬಂದರೆ ಗಾಬರಿ ಬೇಡ. ಸಿಲಿಂಡರ್ ಗ್ಯಾಸಿನಲ್ಲಿರುವ ಬ್ಯುಟೇನ್, ಸಿ₄ಎಚ್₁₀, ಉರಿಯುವಾಗ ಬಲಗಡೆ 4ಸಿಒ₂, 5ಎಚ್₂ಒ. ಆಕ್ಸಿಜನ್ ಪರಮಾಣು 13 ಬೇಕು, ಅಂದರೆ ಆರೂವರೆ ಒ₂. ಕಾಫಿಯನ್ನು ಬೈ-ಟು ಮಾಡಬಹುದು, ಅಣುವನ್ನು ಮಾಡಿದರೆ ಅದು ಒ₂ ಆಗಿ ಉಳಿಯುವುದಿಲ್ಲ. ಎಲ್ಲ ಗುಣಾಂಕಗಳನ್ನೂ 2ರಿಂದ ಗುಣಿಸಿ: 2ಸಿ₄ಎಚ್₁₀ + 13ಒ₂ → 8ಸಿಒ₂ + 10ಎಚ್₂ಒ. ಎರಡೂ ಕಡೆ ಆಕ್ಸಿಜನ್ 26. ಮಿಕ್ಕ ಎರಡನ್ನು ಮಕ್ಕಳೇ ಎಣಿಸಲಿ, ನೀವು ಬಾಯಿಬಿಡಬೇಡಿ.